ಕೊಡಗಿನ ಎತ್ತರಕ್ಕೂ ಮಳೆಗೂ ಹೊಂದೋ ಹಾಗೆ ಇನ್‌ಫ್ರಾರೆಡ್ ಸೆನ್ಸರ್: ಗಾಳಿ, ಗೋಬರ್ ಗ್ಯಾಸ್, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಯಂತ್ರ) ನೀರು ಅಳೆಯೋ ಪೂರ್ತಿ ವಿಧಾನ

ಮೊದಲ ಸಲ ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ತರಿಸಿ ಮಡಿಕೇರಿ ಹತ್ರದ ನಮ್ಮ ಮನೆ ಜಗಲಿಯಲ್ಲಿ ಇಟ್ಟಾಗ ಅದು 370 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 370 ಪಾಲು) ತೋರಿಸ್ತು. ಸುತ್ತ ಕಾಫಿ ತೋಟ, ಮೇಲೆ ಸಿಲ್ವರ್ ಮರ, ಗಾಳಿ ಚೆನ್ನಾಗೇ ಇದೆ, ಸರಿ ಇರ್ಬೇಕು ಅಂತ ಒಂದು ವಾರ ಪುಸ್ತಕದಲ್ಲಿ ಬರ್ಕೊಂಡೆ. ಆಮೇಲೆ ನೋಡಿದ್ರೆ ಈಗ ಭೂಮಿ ಮೇಲೆ ಎಲ್ಲಿಗೆ ಹೋದ್ರೂ ಬಯಲು ಗಾಳಿ 420 ದಾಟಿದೆ, 370 ಅನ್ನೋದು 2000ನೇ ಇಸವಿ ಹೊತ್ತಿನ ಗಾಳಿ, ಅದು ನಮ್ಮ ಜಗಲಿಗೆ ಮಾತ್ರ ಹೇಗೆ ವಾಪಸ್ ಬರುತ್ತೆ? ಸೆನ್ಸರ್ ಕೆಟ್ಟಿರ್ಲಿಲ್ಲ. ನಮ್ಮೂರು ಸಮುದ್ರಮಟ್ಟದಿಂದ 1150 ಮೀಟರ್ ಮೇಲಿದೆ ಅಂತ ಅದಕ್ಕೆ ಯಾರೂ ಹೇಳಿರ್ಲಿಲ್ಲ, ಅಷ್ಟೆ.

ಈ ಸೆನ್ಸರ್‌ಗಳ ಬಗ್ಗೆ ಸಿಗೋ ಮಾಹಿತಿ ಎಲ್ಲ ಎಸಿ ರೂಮಲ್ಲಿ, ಸಮುದ್ರಮಟ್ಟದಲ್ಲಿ, ಒಣ ಹವೆಯಲ್ಲಿ ಕೂತು ಬರೆದದ್ದು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆನೇ ಬೆವರುತ್ತೆ, ಚಪ್ಪಲಿ ಮೇಲೆ ಬೂಷ್ಟು ಬರುತ್ತೆ, ಕರೆಂಟ್ ಹೋದ್ರೆ ಯಾವಾಗ ಬರುತ್ತೆ ಅಂತ ಇಲ್ಲ. ಸೆನ್ಸರ್ ತಗೊಳ್ಳೋದು ಅರ್ಧ ಗಂಟೆ ಕೆಲಸ, ಅದು ಕೊಡಗಿನಲ್ಲಿ ನಿಜ ಹೇಳೋ ಹಾಗೆ ಮಾಡೋದೇ ದೊಡ್ಡ ಕೆಲಸ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಮೊದಲು ಇದು ಹೇಗೆ ಅಳೆಯುತ್ತೆ ಅನ್ನೋದು

ಹಣೆಗೆ ಹಿಡಿದು ಜ್ವರ ನೋಡ್ತಾರಲ್ಲ, ಆ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇರೆ, ಇದು ಬೇರೆ. ಅದು ಮೈಯಿಂದ ಬರೋ ಕಿರಣ ನೋಡುತ್ತೆ. ನಾವು ಮಾತಾಡ್ತಿರೋ ಸೆನ್ಸರ್ ಒಳಗೆ ಒಂದು ಕಡೆ ಸಣ್ಣ ಬಲ್ಬೋ ಎಲ್‌ಇಡಿಯೋ ಇರುತ್ತೆ, ಇನ್ನೊಂದು ಕಡೆ ಡಿಟೆಕ್ಟರ್, ನಡುವೆ ಗ್ಯಾಸ್ ಬಂದು ಹೋಗೋ ಜಾಗ. ಒಂದೊಂದು ಗ್ಯಾಸೂ ತನಗೆ ಬೇಕಾದ ಅಲೆಯುದ್ದದ ಇನ್‌ಫ್ರಾರೆಡ್ ಕಿರಣವನ್ನ (ಕಣ್ಣಿಗೆ ಕಾಣದ ಬೆಳಕು) ಮಾತ್ರ ಹೀರ್ಕೊಳ್ಳುತ್ತೆ. ಕಾರ್ಬನ್ ಡೈಆಕ್ಸೈಡ್ 4.26 ಮೈಕ್ರೋಮೀಟರ್ ಹತ್ರ, ಮೀಥೇನ್ 3.3 ಹತ್ರ, ಕಾರ್ಬನ್ ಮೊನಾಕ್ಸೈಡ್ 4.67 ಹತ್ರ. ಎಷ್ಟು ಬೆಳಕು ಕಮ್ಮಿ ಆಯ್ತು ಅಂತ ನೋಡಿ ಗ್ಯಾಸ್ ಎಷ್ಟಿದೆ ಅಂತ ಲೆಕ್ಕ ಹಾಕುತ್ತೆ. ಒಳ್ಳೆ ಸೆನ್ಸರ್‌ನಲ್ಲಿ ಎರಡು ಕಣ್ಣು ಇರುತ್ತೆ, ಎರಡನೇ ಕಣ್ಣು 3.9 ಮೈಕ್ರೋಮೀಟರ್ ಸುತ್ತಮುತ್ತ ನೋಡ್ತಾ ಇರುತ್ತೆ, ಅಲ್ಲಿ ಗಾಳಿಯಲ್ಲಿ ಇರೋ ಯಾವ ಗ್ಯಾಸೂ ಹೆಚ್ಚು ಹೀರಲ್ಲ, ಹಾಗಾಗಿ ಬಲ್ಬ್ ಮಂಕಾದ್ರೆ, ಧೂಳು ಕೂತ್ರೆ, ಎರಡೂ ಕಣ್ಣಿಗೂ ಒಂದೇ ಥರ ಕಮ್ಮಿ ಆಗುತ್ತೆ, ಲೆಕ್ಕ ತಪ್ಪಲ್ಲ. ಈ ಜಾತಿಗೆ ಎನ್‌ಡಿಐಆರ್ ಅಂತಾರೆ, ಅಂಗಡಿಯಲ್ಲಿ ಕೇಳೋವಾಗ ಈ ಪದ ಬಾಯಲ್ಲಿರ್ಲಿ.

ಆಕ್ಸಿಜನ್, ನೈಟ್ರೋಜನ್, ಹೈಡ್ರೋಜನ್ ಈ ಮೂರೂ ಇನ್‌ಫ್ರಾರೆಡ್ ಹೀರಲ್ಲ, ಒಂದೇ ಥರದ ಎರಡು ಪರಮಾಣು ಸೇರಿ ಆದದ್ದಕ್ಕೆ ಆ ಗುಣ ಇಲ್ಲ. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ತುಂಬಾ ಸ್ವಲ್ಪ ಹೀರುತ್ತೆ, ಆದ್ರೆ ಅಪಾಯದ ಮಟ್ಟ ಕಂಡುಹಿಡಿಯೋಕೆ ಅದು ಸಾಲಲ್ಲ. ಅದಕ್ಕೆ ಎಲೆಕ್ಟ್ರೋಕೆಮಿಕಲ್ ಸೆನ್ಸರ್ ಬೇರೆ ಬೇಕು. ಈ ಮಾತು ಮುಂದೆ ಗುಂಡಿ ವಿಷಯ ಬರೋವಾಗ ಪ್ರಾಣದ ಪ್ರಶ್ನೆ ಆಗುತ್ತೆ, ಅದಕ್ಕೇ ಈಗಲೇ ಹೇಳ್ದೆ.

ಇನ್ನೊಂದು ವಿಷಯ ಗಾಜು. ತುಂಬಾ ಜನ ಗ್ಯಾಸನ್ನ ಜಾಮ್ ಬಾಟ್ಲಿಗೆ ತುಂಬಿ ಹೊರಗಿನಿಂದ ಅಳೆಯೋಣ ಅಂತ ಹೊರಡ್ತಾರೆ. ಸಾಮಾನ್ಯ ಗಾಜು 3 ಮೈಕ್ರೋಮೀಟರ್ ಆಚೆ ಬೆಳಕನ್ನ ಹೆಚ್ಚುಕಮ್ಮಿ ತಡೆದುಬಿಡುತ್ತೆ, 4.26ಕ್ಕೆ ಅದು ಗೋಡೆ ಇದ್ದ ಹಾಗೆ. 1859ರಲ್ಲಿ ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಈ ಥರದ ಮೊದಲ ಅಳತೆಗಳನ್ನ ಮಾಡಿದಾಗ ಹಿತ್ತಾಳೆ ಕೊಳವೆಯ ಎರಡು ತುದಿಗೂ ಗಾಜಿನ ಬದಲು ಕಲ್ಲುಪ್ಪಿನ ಬಿಲ್ಲೆ ಹಾಕಿದ್ದು ಅದಕ್ಕೇ. ಆದ್ರೆ ನೀರು ಅಳೆಯೋಕೆ ನಾವು ಬಳಸೋದು 860 ನ್ಯಾನೋಮೀಟರ್, ಅಂದ್ರೆ ಕಣ್ಣಿಗೆ ಕಾಣೋ ಕೆಂಪಿನ ಪಕ್ಕದ್ದೇ, ಅಲ್ಲಿ ಗಾಜು ಪ್ಲಾಸ್ಟಿಕ್ ಎಲ್ಲಾ ನಡೆಯುತ್ತೆ.

ಹೆಜ್ಜೆ 1: ತಗೊಳ್ಳೋದು, ನಕಲಿ ಹಿಡಿಯೋದು

ಕಾರ್ಬನ್ ಡೈಆಕ್ಸೈಡ್‌ಗೆ ಸುಲಭವಾಗಿ ಸಿಗೋದು ಎಂಎಚ್-ಝಡ್19 ಮತ್ತು ಎಸ್‌ಸಿಡಿ30. ಮೊದಲನೆಯದು ಅಗ್ಗ, ಆದ್ರೆ ಎತ್ತರದ ಲೆಕ್ಕ ಅದಕ್ಕೆ ಒಳಗಿಂದ ಹೇಳೋಕಾಗಲ್ಲ, ನಾವೇ ಹೊರಗೆ ಗುಣಾಕಾರ ಮಾಡ್ಬೇಕು. ಎಸ್‌ಸಿಡಿ30 ದುಬಾರಿ, ಆದ್ರೆ ಗಾಳಿಯ ಒತ್ತಡ ಎಷ್ಟು ಅಂತ 700ರಿಂದ 1400 ಮಿಲಿಬಾರ್ ಒಳಗೆ ಹೇಳಿದ್ರೆ ತಾನೇ ಸರಿಮಾಡ್ಕೊಳ್ಳುತ್ತೆ, ತೇವ ಮತ್ತು ಉಷ್ಣಾಂಶವನ್ನೂ ಕೊಡುತ್ತೆ. ಕೊಡಗಿನಲ್ಲಿ ಇರೋರಿಗೆ ನನ್ನ ಸಲಹೆ ಎಸ್‌ಸಿಡಿ30. ದುಡ್ಡು ಕಮ್ಮಿ ಇದ್ರೆ ಎಂಎಚ್-ಝಡ್19ರಲ್ಲೂ ಕೆಲಸ ಆಗುತ್ತೆ, ಆದ್ರೆ ಕೆಳಗಿನ ಹೆಜ್ಜೆ 3 ಮತ್ತು 4 ಬಿಡ್ಬೇಡಿ.

ಎಂಕ್ಯೂ-135, ಎಂಕ್ಯೂ-4 ಅಂತ ದುಂಡಗಿನ ಸ್ಟೀಲ್ ಜಾಲರಿಯ ಸೆನ್ಸರ್ ನೂರಿನ್ನೂರು ರೂಪಾಯಿಗೆ ಸಿಗುತ್ತಲ್ಲ, ಅದು ಇನ್‌ಫ್ರಾರೆಡ್ ಅಲ್ಲವೇ ಅಲ್ಲ, ಬಿಸಿ ಮಾಡಿದ ಟಿನ್ ಆಕ್ಸೈಡ್, ಒಗ್ಗರಣೆ ಹೊಗೆಗೂ ಸೆಂಟಿಗೂ ಒಂದೇ ಥರ ಕುಣಿಯುತ್ತೆ. ಟೇಬಲ್ ಮೇಲೆ ಇಡೋ ಅಗ್ಗದ ಮೀಟರ್‌ಗಳಲ್ಲೂ ಎಷ್ಟೋ ಇದೇ ಜಾತಿ, ಹೊರಗೆ ಮಾತ್ರ ಕಾರ್ಬನ್ ಡೈಆಕ್ಸೈಡ್ ಅಂತ ಬರೆದಿರುತ್ತೆ. ಪರೀಕ್ಷೆ ಸುಲಭ: ಹತ್ತಿಗೆ ಸ್ಯಾನಿಟೈಸರ್ ಹಾಕಿ ಕೈ ನೀಡಿ ಮೀಟರ್ ಹತ್ರ ಹಿಡೀರಿ, ಉಸಿರು ತಾಗದ ಹಾಗೆ ಮುಖ ಆಕಡೆ ಇಟ್ಕೊಳ್ಳಿ. ನಂಬರ್ ಸಾವಿರಾರು ಏರಿದ್ರೆ ಅದು ಎನ್‌ಡಿಐಆರ್ ಅಲ್ಲ. ನಿಜವಾದದ್ದು ಅಲ್ಲಾಡಿದ್ರೂ ಸ್ವಲ್ಪ.

ಗೋಬರ್ ಗ್ಯಾಸ್ ಅಳೆಯೋರಿಗೆ ಮೇಲಿನ ಎರಡೂ ಆಗಲ್ಲ, ಅವು ಪಿಪಿಎಂ ಮಟ್ಟದವು, ಗೋಬರ್ ಗ್ಯಾಸ್‌ನಲ್ಲಿ ಕಾರ್ಬನ್ ಡೈಆಕ್ಸೈಡೇ 35ರಿಂದ 45 ಪರ್ಸೆಂಟ್ ಇರುತ್ತೆ. 0–100 ಪರ್ಸೆಂಟ್ ರೇಂಜಿನ ಮೀಥೇನ್ ಎನ್‌ಡಿಐಆರ್ ಅಂತ ಕೇಳಿ ತರಿಸ್ಬೇಕು. ರೇಂಜ್ ನೋಡದೆ 5 ಪರ್ಸೆಂಟಿನದ್ದು ತಂದ್ರೆ ಅದು ಲೀಕ್ ಹಿಡಿಯೋಕೆ ಮಾತ್ರ.

ಇದರ ಜೊತೆಗೆ ಬೇಕಾದದ್ದು: ಒಂದು ಇಎಸ್‌ಪಿ32 ಬೋರ್ಡ್ (ಪ್ರೋಗ್ರಾಂ ಹಾಕಿ ಸೆನ್ಸರ್ ಓದೋ ಸಣ್ಣ ಕಂಪ್ಯೂಟರ್), ಬಿಎಂಪಿ280 ಒತ್ತಡದ ಸೆನ್ಸರ್ (ಇದು ಬಿಡ್ಲೇಬೇಡಿ), ಸಣ್ಣ ಓಎಲ್‌ಇಡಿ ಡಿಸ್‌ಪ್ಲೇ, 18650 ಸೆಲ್ (ಚಾರ್ಜ್ ಮಾಡೋ ಲಿಥಿಯಂ ಬ್ಯಾಟರಿ) ಮತ್ತು ಅದರ ಚಾರ್ಜರ್ ಬೋರ್ಡ್, 5 ವೋಲ್ಟಿಗೆ ಏರಿಸೋ ಬೂಸ್ಟ್ ಮಾಡ್ಯೂಲ್, ಬಾಗಿಲಿಗೆ ರಬ್ಬರ್ ಇರೋ ವಾಟರ್‌ಪ್ರೂಫ್ ಜಂಕ್ಷನ್ ಬಾಕ್ಸ್, ನಲ್ಲಿ ಕೆಲಸದವರು ಸುತ್ತೋ ಟೆಫ್ಲಾನ್ ಟೇಪ್, ಸಿಲಿಕಾ ಜೆಲ್. ಸೆನ್ಸರ್‌ಗಳಿಗೆಲ್ಲ ಆರ್ಡುಯಿನೋ ಲೈಬ್ರರಿ (ಬೇರೆಯವರು ಬರೆದಿಟ್ಟ ಪ್ರೋಗ್ರಾಂ) ರೆಡಿ ಇದೆ, ಉದಾಹರಣೆ ಪ್ರೋಗ್ರಾಂ ಹಾಕಿದ್ರೆ ಅರ್ಧ ಗಂಟೆಯಲ್ಲಿ ನಂಬರ್ ಬರುತ್ತೆ, ಅದನ್ನ ಇಲ್ಲಿ ಎಳೆಯಲ್ಲ.

ಹೆಜ್ಜೆ 2: ಡಬ್ಬಿ ಕಟ್ಟೋದು, ಥಂಡಿಯಿಂದ ಕಾಪಾಡೋದು

ಮಳೆಗಾಲದಲ್ಲಿ ಈ ಸೆನ್ಸರ್‌ಗಳನ್ನ ಕೊಲ್ಲೋದು ಮಳೆ ಅಲ್ಲ, ಥಂಡಿ, ಅಂದ್ರೆ ಗಾಳಿಯ ತೇವ. ತಣ್ಣಗಿನ ತೋಟದಿಂದ ಡಬ್ಬಿನ ತಂದು ಅಡುಗೆಮನೆಯ ಬೆಚ್ಚನೆ ಹಬೆಯಲ್ಲಿ ಇಟ್ರೆ ಕನ್ನಡಕ ಮಂಜಾಗೋ ಹಾಗೆ ಒಳಗಿನ ಕನ್ನಡಿ ಮಂಜಾಗುತ್ತೆ, ಬೆಳಕು ಚೆದುರುತ್ತೆ, ನಂಬರ್ ಎಲ್ಲೆಲ್ಲಿಗೋ ಹೋಗುತ್ತೆ. ಒಂದೆರಡು ಸಲಕ್ಕೆ ಏನೂ ಆಗಲ್ಲ, ದಿನಾ ಆದ್ರೆ ಚಿನ್ನದ ಲೇಪನ ಕೂಡ ಕಲೆ ಹಿಡಿಯುತ್ತೆ.

ಡಬ್ಬಿಯ ಕೆಳಮೈಗೆ ಎರಡು ತೂತು ಕೊರೆಯಿರಿ, ಮೇಲೆ ಬೇಡ, ನೀರು ಇಳಿಯುತ್ತೆ. ತೂತಿಗೆ ಒಳಗಿನಿಂದ ಟೆಫ್ಲಾನ್ ಟೇಪನ್ನ ಒಂದೇ ಪದರ, ಸ್ವಲ್ಪ ಎಳೆದು, ಸುತ್ತ ಅಂಟು ಹಾಕಿ ಕೂರಿಸಿ. ಹನಿ ಒಳಗೆ ಬರಲ್ಲ, ಗ್ಯಾಸ್ ನಿಧಾನಕ್ಕೆ ಬರುತ್ತೆ. ನಿಧಾನ ಅಂದೆ, ಅದನ್ನ ನೆನಪಿಟ್ಕೊಳ್ಳಿ: ಟೇಪ್ ಇಲ್ಲದಿದ್ರೆ ಅರ್ಧ ನಿಮಿಷದಲ್ಲಿ ಬರೋ ನಂಬರ್ ಈಗ ಮೂರ್ನಾಲ್ಕು ನಿಮಿಷ ತಗೊಳ್ಳುತ್ತೆ, ಅಷ್ಟು ಹೊತ್ತು ಕಾಯ್ದೇ ಬರ್ಕೊಳ್ಳಿ. ಸೆನ್ಸರನ್ನ ತೂತಿನ ಹತ್ರವೇ ಕೂರಿಸಿ, ಬೂಸ್ಟ್ ಮಾಡ್ಯೂಲ್ ಬಿಸಿಯಾಗುತ್ತೆ, ಅದನ್ನ ಆಕಡೆ ಮೂಲೆಗೆ ಹಾಕಿ.

ಹೊರಗಿಂದ ಒಳಗೆ ತರೋ ಮೊದಲೇ ಡಬ್ಬಿನ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ, ತಂದ ಮೇಲೆ ಕಾಲು ಗಂಟೆ ಹಾಗೇ ಬಿಡಿ, ಬೆಚ್ಚಗಾದ ಮೇಲೆ ಬಿಚ್ಚಿ, ಮಂಜು ಕವರ್ ಮೇಲೆ ಕೂರುತ್ತೆ, ಕನ್ನಡಿ ಮೇಲೆ ಅಲ್ಲ. ಸಿಲಿಕಾ ಜೆಲ್ ಕಿತ್ತಳೆ ಬಣ್ಣದ್ದು ತಗೊಳ್ಳಿ, ನೀಲಿದು ಬೇಡ, ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ. ಬಣ್ಣ ತಿರುಗಿದ ಮೇಲೆ ಹಳೇ ತವಾ ಮೇಲೆ ಸಣ್ಣ ಉರಿಯಲ್ಲಿ ಬಾಡಿಸಿದ್ರೆ ಮತ್ತೆ ಕಿತ್ತಳೆ ಆಗುತ್ತೆ. ಸೌದೆ ಒಲೆ ಇರೋ ಮನೆಯಲ್ಲಿ ಅಟ್ಟದ ಮೇಲೆ ಬಟ್ಟೆ ಗಂಟಿನಲ್ಲಿ ಇಟ್ರೆ ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲೂ ಒಣಗಿಯೇ ಇರುತ್ತೆ, ಹೊಗೆ ತಾಗದ ಡಬ್ಬಿ ಇದ್ರೆ ಇನ್ನೂ ಒಳ್ಳೇದು.

ಹೆಜ್ಜೆ 3: ಒತ್ತಡದ ಲೆಕ್ಕ

ಪಿಪಿಎಂ ಅಂದ್ರೆ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಅಂತ. ಆದ್ರೆ ಸೆನ್ಸರ್ ಪಾಲು ಎಣಿಸಲ್ಲ, ತನ್ನ ಕೊಳವೆಯೊಳಗೆ ಎಷ್ಟು ಅಣು ಇದೆ ಅಂತ ಎಣಿಸುತ್ತೆ. ಎತ್ತರಕ್ಕೆ ಹೋದ ಹಾಗೆ ಗಾಳಿ ತೆಳ್ಳಗಾಗುತ್ತೆ, ಅದೇ ಕೊಳವೆಯಲ್ಲಿ ಎಲ್ಲಾ ಅಣುಗಳೂ ಕಮ್ಮಿ, ಹಾಗಾಗಿ ಪಾಲು ಅಷ್ಟೇ ಇದ್ರೂ ನಂಬರ್ ಇಳಿಯುತ್ತೆ. ಸಮುದ್ರಮಟ್ಟದಲ್ಲಿ ಒತ್ತಡ 1013 ಮಿಲಿಬಾರ್ ಇದ್ರೆ, ಕುಶಾಲನಗರದ ಎತ್ತರ ಸುಮಾರು 830 ಮೀಟರ್, ಅಲ್ಲಿ 917ರ ಆಸುಪಾಸು, ಮಡಿಕೇರಿಯಲ್ಲಿ 882ರ ಆಸುಪಾಸು. 882ನ್ನ 1013ರಿಂದ ಭಾಗಿಸಿದ್ರೆ 0.87. ನಿಜವಾದ 425ಕ್ಕೆ 0.87 ಗುಣಿಸಿ ನೋಡಿ, ನನ್ನ ಜಗಲಿಯ 370 ಬಂತಲ್ಲ.

ಸರಿಮಾಡೋದು ಹೀಗೆ: ಸೆನ್ಸರ್ ತೋರಿಸಿದ ನಂಬರನ್ನ 1013ರಿಂದ ಗುಣಿಸಿ, ಬಿಎಂಪಿ280 ತೋರಿಸೋ ಒತ್ತಡದಿಂದ ಭಾಗಿಸಿ. ಎಸ್‌ಸಿಡಿ30 ಆದ್ರೆ ಅದೇ ಒತ್ತಡದ ನಂಬರನ್ನ ಪ್ರೋಗ್ರಾಂನಿಂದ ಸೆನ್ಸರ್‌ಗೆ ಕಳಿಸಿ, ಅದೇ ಮಾಡ್ಕೊಳ್ಳುತ್ತೆ, ಆಗ ಮತ್ತೆ ನೀವು ಗುಣಿಸ್ಬೇಡಿ, ಎರಡು ಸಲ ಆಗುತ್ತೆ.

ಇಲ್ಲಿ ತುಂಬಾ ಜನ ಎಡವೋದು ಮೊಬೈಲಿನ ಹವಾಮಾನ ಆ್ಯಪ್ ನೋಡಿ. ಮಡಿಕೇರಿಗೆ ಅದು 1010, 1012 ಅಂತೆಲ್ಲ ತೋರಿಸುತ್ತೆ. ಅದು ಸುಳ್ಳಲ್ಲ, ಆದ್ರೆ ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡ, ಎಲ್ಲಾ ಊರನ್ನೂ ಹೋಲಿಸೋಕೆ ಹಾಗೆ ಮಾಡ್ತಾರೆ. ನಮಗೆ ಬೇಕಾದದ್ದು ನಿಂತ ಜಾಗದ ಒತ್ತಡ, ಅದಕ್ಕೇ ಬಿಎಂಪಿ280 ಡಬ್ಬಿಯೊಳಗೇ ಇರ್ಬೇಕು ಅಂದಿದ್ದು. ಸಂಪಾಜೆ ಘಾಟಿ ಇಳಿದು ಸುಳ್ಯ ಕಡೆ ಹೋಗೋರ ಕೈಲಿ ಡಬ್ಬಿ ಇದ್ರೆ ಒಂದೇ ಗಂಟೆಯಲ್ಲಿ ಲೆಕ್ಕ ಹತ್ತು ಪರ್ಸೆಂಟಿಗಿಂತ ಹೆಚ್ಚು ತಿರುಗುತ್ತೆ, ಕೈಯಲ್ಲಿ ಒಂದೇ ನಂಬರ್ ಬರೆದಿಟ್ರೆ ಸಾಲಲ್ಲ.

ಹೆಜ್ಜೆ 4: ಮನೆಯಲ್ಲೇ ಕ್ಯಾಲಿಬ್ರೇಷನ್ (ಗೊತ್ತಿರೋ ಅಳತೆಗೆ ಸೆನ್ಸರ್ ಹೊಂದಿಸೋದು)

ಮೊದಲು ಆಟೋ ಕ್ಯಾಲಿಬ್ರೇಷನ್ ಆಫ್ ಮಾಡಿ. ಎಂಎಚ್-ಝಡ್19 ದಿನಕ್ಕೊಂದು ಸಲ, ಆ ದಿನ ಕಂಡ ಅತಿ ಕಮ್ಮಿ ನಂಬರೇ 400 ಅಂತ ಅಂದ್ಕೊಂಡು ತನ್ನನ್ನ ತಾನೇ ತಿದ್ಕೊಳ್ಳುತ್ತೆ. ಕಿಟಕಿ ತೆರೆದಿರೋ ಆಫೀಸಿಗೆ ಅದು ಸರಿ. ಕೊಟ್ಟಿಗೆಯಲ್ಲೋ, ಮಳೆಗಾಲ ಪೂರ್ತಿ ಬಾಗಿಲು ಮುಚ್ಚಿರೋ ಗೋಡೌನ್‌ನಲ್ಲೋ, ವೈನ್ ಹುದುಗೋ ಕೋಣೆಯಲ್ಲೋ ಇಟ್ರೆ ಅಲ್ಲಿ 800ಕ್ಕಿಂತ ಕೆಳಗೆ ಇಳಿಯೋದೇ ಇಲ್ಲ, ಸೆನ್ಸರ್ 800ನ್ನೇ 400 ಅಂತ ನಂಬುತ್ತೆ, ಅಲ್ಲಿಂದ ಮುಂದೆ ಎಲ್ಲಾ ತಪ್ಪು. ಎಸ್‌ಸಿಡಿ30ರಲ್ಲೂ ಈ ಸೌಲಭ್ಯ ಇದೆ, ಅದಕ್ಕೆ ಮೊದಲ ಏಳು ದಿನ ದಿನಾ ಒಂದು ಗಂಟೆಯಾದ್ರೂ ಹೊಸ ಗಾಳಿ ಬೇಕು.

ಆಮೇಲೆ ಹೊರಗಿನ ಗಾಳಿಯ ಬಿಂದು. ತೋಟದೊಳಗೆ ಬೆಳಿಗ್ಗೆ ಮಂಜು ಕೂತಿರೋವಾಗ ಮಾಡ್ಬೇಡಿ. ರಾತ್ರಿಯೆಲ್ಲಾ ಮರ, ಮಣ್ಣು, ತರಗೆಲೆ ಉಸಿರು ಬಿಟ್ಟಿರುತ್ತೆ, ಗಾಳಿ ಅಲ್ಲಾಡಿರಲ್ಲ, ನೆರಳಿನಡಿಯಲ್ಲಿ ಕಾರ್ಬನ್ ಡೈಆಕ್ಸೈಡ್ ನಿಂತ ನೀರಿನ ಹಾಗೆ ತುಂಬಿರುತ್ತೆ. ಮಧ್ಯಾಹ್ನ ಹನ್ನೆರಡರಿಂದ ಮೂರರೊಳಗೆ, ಗಾಳಿ ಬೀಸೋ ಬಾಣೆಯಲ್ಲೋ (ಹುಲ್ಲಿನ ಬಯಲು) ರಸ್ತೆಯಿಂದ ದೂರದ ದಿಬ್ಬದ ಮೇಲೋ ಡಬ್ಬಿ ಇಟ್ಟು, ನೀವು ಗಾಳಿ ಬೀಸೋ ಕಡೆಗೆ ಎದುರಾಗಿ ಅಲ್ಲ, ಡಬ್ಬಿಯಿಂದ ಆಚೆ ಗಾಳಿ ಹೋಗೋ ಕಡೆ ನಿಂತು, ಇಪ್ಪತ್ತು ನಿಮಿಷ ಬಿಡಿ. ಅಲ್ಲಿಯ ನಂಬರನ್ನ 425 ಅಂತ ಕೂರಿಸಿ.

ಒಂದೇ ಬಿಂದು ಸರಿಯಿದ್ರೆ ಮೇಲಿನದ್ದೂ ಸರಿ ಅಂತ ಅಲ್ಲ. ಎರಡನೇ ಬಿಂದುಗೆ ನಾನು ಮಾಡೋದು ಇಪ್ಪತ್ತು ಲೀಟರ್ ನೀರಿನ ಕ್ಯಾನ್. ಕ್ಯಾನ್ ಒಣಗಿಸಿ, ಒಳಗೆ ಸೆನ್ಸರ್ ಮತ್ತು ಅಂಗೈಗಿಂತ ಚಿಕ್ಕ ಫ್ಯಾನ್ ಇಳಿಸಿ, ವೈರ್ ಹೊರಗೆ ತಂದು ಬಾಯಿಗೆ ಟೇಪ್ ಹಾಕಿ. ಬೇರೆ ಒಂದು ಲೀಟರ್ ಬಾಟ್ಲಿಯಲ್ಲಿ 10 ಗ್ರಾಂ ಅಡುಗೆ ಸೋಡಾಕ್ಕೆ ಒಂದು ಲೋಟ ಬಿಳಿ ವಿನೆಗರ್ ನಿಧಾನಕ್ಕೆ ಹಾಕಿ (ನಮ್ಮ ಅಡುಗೆಯ ಹುಳಿ ಕಾಚಂಪುಳಿನ ಇದಕ್ಕೆ ಹಾಳು ಮಾಡ್ಬೇಡಿ), ನಮ್ಮ ಎತ್ತರದಲ್ಲಿ ಇದರಿಂದ ಮೂರು ಲೀಟರ್‌ಗೂ ಹೆಚ್ಚು ಗ್ಯಾಸ್ ಏಳುತ್ತೆ, ಬಾಟ್ಲಿಯೊಳಗಿನ ಗಾಳಿಯನ್ನೆಲ್ಲ ತಳ್ಳಿ ತಾನೇ ತುಂಬ್ಕೊಳ್ಳುತ್ತೆ. ಮುಚ್ಚಳ ಬಿಗಿಯಾಗಿ ಹಾಕ್ಬೇಡಿ, ಬಾಟ್ಲಿ ಒಡೆಯುತ್ತೆ, ಬರೀ ಮೇಲೆ ಇಡಿ. ನೊರೆ ಇಳಿದ ಮೇಲೆ ಸಿರಿಂಜಿಗೆ ಸಣ್ಣ ಪೈಪ್ ಸಿಕ್ಕಿಸಿ ಎರಡು ಸಲ ಎಳೆದು ಬಿಟ್ಟು, ಮೂರನೇ ಸಲ 20 ಮಿಲಿ ಎಳ್ಕೊಳ್ಳಿ. ಅದನ್ನ ಟೇಪ್ ಪಕ್ಕದ ಸಣ್ಣ ತೂತಿನಿಂದ ಕ್ಯಾನ್‌ಗೆ ಬಿಡಿ.

20 ಮಿಲಿ 20 ಲೀಟರಿಗೆ ಅಂದ್ರೆ ಸಾವಿರಕ್ಕೆ ಒಂದು, 1000 ಪಿಪಿಎಂ. ಮೊದಲೇ ಇದ್ದ 425 ಸೇರಿ 1425 ಬರ್ಬೇಕು. ಇದರಲ್ಲಿ ಚಂದ ಏನಂದ್ರೆ ಇದು ಪಾಲಿನ ಲೆಕ್ಕ, ಸಿರಿಂಜಿನ ಒತ್ತಡವೂ ಕ್ಯಾನಿನ ಒತ್ತಡವೂ ಒಂದೇ, ಹಾಗಾಗಿ ಮಡಿಕೇರಿಯಲ್ಲಿ ಮಾಡಿದ್ರೂ ಮಂಗಳೂರಲ್ಲಿ ಮಾಡಿದ್ರೂ ಉತ್ತರ ಒಂದೇ ಬರ್ಬೇಕು. ನಿಮ್ಮ ಸೆನ್ಸರ್ 1240 ತೋರಿಸಿದ್ರೆ ಒತ್ತಡದ ಲೆಕ್ಕ ಆಗಿಲ್ಲ ಅಂತ ಆವಾಗಲೇ ಗೊತ್ತಾಗುತ್ತೆ. ಕ್ಯಾನ್ ನಿಜವಾಗಿ ಎಷ್ಟು ಲೀಟರ್ ಅಂತ ಮೊದಲೇ ನೀರು ತುಂಬಿ ತೂಗಿಟ್ಕೊಳ್ಳಿ, 20.6 ಇದ್ರೆ ಸೇರೋದು 970 ಮಾತ್ರ. ನಂಬರ್ ಏರಿ ನಿಂತ ಮೂರ್ನಾಲ್ಕು ನಿಮಿಷದೊಳಗೆ ಬರ್ಕೊಳ್ಳಿ, ಆಮೇಲೆ ಸೋರ್ತಾ ಇಳಿಯುತ್ತೆ. ಕ್ಯಾನ್ ಬಾಯಿ ಹತ್ರ ಮುಖ ತಂದು ಉಸಿರು ಬಿಟ್ರೆ ಇಷ್ಟೂ ಕೆಲಸ ಹೋಯ್ತು, ನಮ್ಮ ಉಸಿರಿನಲ್ಲಿ ಸುಮಾರು 4 ಪರ್ಸೆಂಟ್, ಅಂದ್ರೆ 40,000 ಪಿಪಿಎಂ ಇರುತ್ತೆ.

ಹೆಜ್ಜೆ 5: ಗೋಬರ್ ಗ್ಯಾಸ್

ಇಲ್ಲಿ ಎಚ್ಚರ ಮೊದಲು, ಅಳತೆ ಆಮೇಲೆ. ಗಾಳಿಯಲ್ಲಿ ಮೀಥೇನ್ 5ರಿಂದ 15 ಪರ್ಸೆಂಟ್ ಇದ್ದಾಗ ಒಂದು ಕಿಡಿ ಸಾಕು. ನಾವು ಕಟ್ಟಿದ ಡಬ್ಬಿಯಲ್ಲಿ ಸ್ವಿಚ್ ಇದೆ, ಬ್ಯಾಟರಿ ಇದೆ, ಅದು ಕಿಡಿಯಿಂದ ರಕ್ಷಣೆ ಇರೋ ಯಂತ್ರ ಅಲ್ಲ. ಹಾಗಾಗಿ ಡಬ್ಬಿನ ಡೈಜೆಸ್ಟರ್ (ಸಗಣಿ ಕೊಳೆತು ಗ್ಯಾಸ್ ಆಗೋ ತೊಟ್ಟಿ) ಹತ್ರ ತಗೊಂಡು ಹೋಗ್ಬೇಡಿ, ಗ್ಯಾಸನ್ನೇ ಡಬ್ಬಿ ಹತ್ರ ತನ್ನಿ.

ಮೆಡಿಕಲ್ ಶಾಪಲ್ಲಿ ಹೊಸ ಯೂರಿನ್ ಬ್ಯಾಗ್ ಸಿಗುತ್ತೆ, 2 ಲೀಟರಿಂದು. ಮೇಲಿನ ಪೈಪಿನಲ್ಲಿ ಒಳಗೆ ಹೋದದ್ದು ವಾಪಸ್ ಬರದ ಹಾಗೆ ವಾಲ್ವ್ ಇದೆ, ಕೆಳಗೆ ಬಿಡೋಕೆ ಇನ್ನೊಂದು ವಾಲ್ವ್. ಗ್ಯಾಸ್ ಸ್ಯಾಂಪಲ್ ತರೋಕೆ ಇದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ. ಒಲೆಗೆ ಹೋಗೋ ಪೈಪನ್ನ ಬಿಚ್ಚಿ ಅರ್ಧ ನಿಮಿಷ ಗ್ಯಾಸ್ ಹೊರಗೆ ಬಿಟ್ಟು, ಸುತ್ತ ಬೀಡಿ ಸಿಗರೇಟ್ ಒಲೆ ಏನೂ ಇಲ್ಲ ಅಂತ ನೋಡಿ, ಬ್ಯಾಗ್ ತುಂಬಿ, ಒಂದು ಸಲ ಖಾಲಿ ಮಾಡಿ, ಮತ್ತೆ ತುಂಬಿ. ಅಂಗಳಕ್ಕೆ ತಂದು, ಬ್ಯಾಗಿನ ಕೆಳಗಿನ ವಾಲ್ವಿನಿಂದ ಪೈಪ್ ಎಳೆದು, ಮೊದಲು ತುಕ್ಕು ಹಿಡಿದ ಸ್ಟೀಲ್ ಉಣ್ಣೆ ತುಂಬಿದ ಕೊಳವೆ, ಆಮೇಲೆ ಸಿಲಿಕಾ ಜೆಲ್ ಕೊಳವೆ, ಆಮೇಲೆ ಸೆನ್ಸರ್. ತುಕ್ಕು ಹೈಡ್ರೋಜನ್ ಸಲ್ಫೈಡನ್ನ ಹಿಡ್ಕೊಳ್ಳುತ್ತೆ, ಇಲ್ಲಾಂದ್ರೆ ಅದು ಒಳಗಿನ ಲೋಹವನ್ನೆಲ್ಲ ಕಪ್ಪು ಮಾಡುತ್ತೆ. ಬ್ಯಾಗನ್ನ ಮೆಲ್ಲಗೆ ಒತ್ತಿ, ನಂಬರ್ ನಿಂತ ಮೇಲೆ ಒತ್ತೋದು ನಿಲ್ಲಿಸಿ ಓದಿ, ಒತ್ತುವಾಗ ಓದಿದ್ರೆ ಒತ್ತಡ ಹೆಚ್ಚಿ ನಂಬರೂ ಹೆಚ್ಚುತ್ತೆ.

ಸರಿಯಾಗಿ ನಡೀತಿರೋ ಪ್ಲಾಂಟಲ್ಲಿ ಮೀಥೇನ್ 55ರಿಂದ 65 ಪರ್ಸೆಂಟ್. 50ಕ್ಕಿಂತ ಕೆಳಗೆ ಇಳಿದ್ರೆ ಒಲೆ ಉರಿ ನೋಡಿದ್ರೇ ಗೊತ್ತಾಗುತ್ತೆ, ಆದ್ರೆ ಸೆನ್ಸರ್ ವಾರ ಮೊದಲೇ ಹೇಳುತ್ತೆ: ಹಂದಿ ಗೂಡಿನ ಗೊಬ್ಬರವೋ ಪಲ್ಪರ್ ಸಿಪ್ಪೆಯೋ ಒಂದೇ ಸಲ ಜಾಸ್ತಿ ಸುರಿದು ಒಳಗೆ ಹುಳಿಯಾದಾಗ ಕಾರ್ಬನ್ ಡೈಆಕ್ಸೈಡ್ ಏರ್ತಾ ಹೋಗುತ್ತೆ, ಮೀಥೇನ್ ಇಳೀತಾ ಹೋಗುತ್ತೆ. ಮೀಥೇನ್ ಸೆನ್ಸರ್‌ಗೆ ಅಡುಗೆ ಗ್ಯಾಸೂ, ಆಲ್ಕೋಹಾಲ್ ಆವಿಯೂ ಮೀಥೇನ್ ಥರನೇ ಕಾಣುತ್ತೆ, 3.3 ಹತ್ರ ಅವೂ ಹೀರ್ತಾವೆ, ಹಾಗಾಗಿ ಸಿಲಿಂಡರ್ ಪಕ್ಕ ಅಳೀಬೇಡಿ.

ಸೆನ್ಸರ್ ಸರಿಯಿದ್ಯಾ ಅಂತ ನೋಡೋಕೆ ಹಳೇ ವಿಧಾನ ಒಂದಿದೆ. 60 ಮಿಲಿ ಸಿರಿಂಜಿಗೆ 40 ಮಿಲಿ ಗೋಬರ್ ಗ್ಯಾಸ್, ಆಮೇಲೆ 10 ಮಿಲಿ ಕಾಸ್ಟಿಕ್ ಸೋಡಾ ನೀರು (100 ಮಿಲಿಗೆ 10 ಗ್ರಾಂ) ಎಳ್ಕೊಂಡು, ತುದಿಗೆ ಕ್ಯಾಪ್ ಹಾಕಿ ಒಂದು ನಿಮಿಷ ಅಲ್ಲಾಡಿಸಿ. ಕಾಸ್ಟಿಕ್ ಕಾರ್ಬನ್ ಡೈಆಕ್ಸೈಡನ್ನ ನುಂಗುತ್ತೆ, ದಂಡ ತಾನೇ ಒಳಗೆ ಜಾರುತ್ತೆ. ಉಳಿದ ಗ್ಯಾಸ್ 24 ಮಿಲಿ ಇದ್ರೆ ಹೋದದ್ದು 16, ಅಂದ್ರೆ 40 ಪರ್ಸೆಂಟ್. ಕನ್ನಡಕ, ಗ್ಲೌಸ್ ಇಲ್ಲದೆ ಮಾಡ್ಬೇಡಿ, ಕಾಸ್ಟಿಕ್ ಕಣ್ಣಿಗೆ ಬಿದ್ರೆ ಕಣ್ಣೇ ಹೋಗುತ್ತೆ, ಮಕ್ಕಳನ್ನ ದೂರ ಇಡಿ. ಈ ಕಾರ್ಬನ್ ಡೈಆಕ್ಸೈಡೂ ಸೆನ್ಸರ್ ಹೇಳೋ ಮೀಥೇನೂ ಕೂಡಿದ್ರೆ 95ರ ಹತ್ರ ಬರ್ಬೇಕು, 80 ಬಂದ್ರೆ ಎಲ್ಲೋ ಗಾಳಿ ಸೇರಿದೆ.

ಗುಂಡಿ, ಬಾವಿ, ಪಲ್ಪರ್ ನೀರಿನ ಟ್ಯಾಂಕ್ ವಿಷಯ ಇಲ್ಲೇ ಹೇಳ್ಬೇಕು. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಳದಲ್ಲಿ ಕೂರುತ್ತೆ, 40,000 ಪಿಪಿಎಂ ಅಂದ್ರೆ ಜೀವಕ್ಕೇ ಅಪಾಯ ಅಂತ ಸುರಕ್ಷತೆಯ ನಿಯಮಗಳು ಹೇಳ್ತಾವೆ. 5000ಕ್ಕೆ ನಿಲ್ಲೋ ಸೆನ್ಸರನ್ನ ಹಗ್ಗದಲ್ಲಿ ಇಳಿಸಿದ್ರೆ ಅದು 5000 ಅಂತ ತೋರಿಸಿ ಸುಮ್ನಿರುತ್ತೆ, ಕೆಳಗೆ 60,000 ಇದ್ರೂ ಅಷ್ಟೇ. ಅದು ಕಮ್ಮಿ ತೋರಿಸಿದ್ರೂ ಆಕ್ಸಿಜನ್ ಎಷ್ಟಿದೆ ಅಂತ ಅದಕ್ಕೆ ಗೊತ್ತಿಲ್ಲ, ಹೈಡ್ರೋಜನ್ ಸಲ್ಫೈಡ್ ಗೊತ್ತೇ ಇಲ್ಲ, ಅದು 100 ಪಿಪಿಎಂ ಹತ್ರ ಬಂದ್ರೆ ಮೂಗೂ ಸತ್ತು ವಾಸನೆನೂ ಬರಲ್ಲ. ದಯವಿಟ್ಟು ಈ ಡಬ್ಬಿ ನಂಬಿ ಯಾರನ್ನೂ ಕೆಳಗಿಳಿಸ್ಬೇಡಿ, ಒಬ್ಬ ಬಿದ್ದ ಅಂತ ಇನ್ನೊಬ್ಬ ಇಳಿದು ಹೋಗೋದು ಹೀಗೇ. ಚಳಿಗೆ ಕೋಣೆಯಲ್ಲಿ ಕೆಂಡ ಇಟ್ಟು ಬಾಗಿಲು ಹಾಕೋರಿಗೂ ಇದೇ ಮಾತು, ಅಲ್ಲಿ ಕೊಲ್ಲೋದು ಕಾರ್ಬನ್ ಮೊನಾಕ್ಸೈಡ್, ಈ ಸೆನ್ಸರ್‌ಗೆ ಅದು ಕಾಣಲ್ಲ.

ಹೆಜ್ಜೆ 6: ನೀರು

ನೀರಿಗೆ 4 ಮೈಕ್ರೋಮೀಟರ್ ಕಿರಣ ಬಿಟ್ರೆ ಕೂದಲೆಳೆ ದಪ್ಪದ ಪದರದಲ್ಲೇ ಮುಕ್ಕಾಲು ಪಾಲು ಮುಗಿದುಹೋಗುತ್ತೆ, ನೀರು ಅಷ್ಟು ಹೀರುತ್ತೆ. ಅದಕ್ಕೇ ದ್ರವಕ್ಕೆ 860ರ ಹತ್ರದ ಕಿರಣ, ಅದೂ ಎಷ್ಟು ಹೀರ್ತು ಅಂತ ಅಲ್ಲ, ಎಷ್ಟು ಚೆದುರ್ತು ಅಂತ ನೋಡೋದು. ಕದಡು ಅಳೆಯೋ ಅಂತಾರಾಷ್ಟ್ರೀಯ ಪದ್ಧತಿ ಐಎಸ್‌ಓ 7027 ಹೇಳೋದೂ ಇದೇ: 860 ನ್ಯಾನೋಮೀಟರ್ ಎಲ್‌ಇಡಿ, ಅದಕ್ಕೆ 90 ಡಿಗ್ರಿಯಲ್ಲಿ ಡಿಟೆಕ್ಟರ್. ನಮ್ಮ ಕೊಡಗಿಗೆ ಇದು ಹೇಳಿ ಮಾಡಿಸಿದ ಹಾಗಿದೆ, ಯಾಕಂದ್ರೆ ಮಾಮೂಲಿ ಬೆಳಕಿನ ಮೀಟರ್‌ಗೆ ಬಣ್ಣವೂ ಕದಡೂ ಕಲಸಿಹೋಗುತ್ತೆ, ಪಲ್ಪರ್ ನೀರು ಕಂದು, ತರಗೆಲೆ ನೆನೆದ ಕೊಲ್ಲಿ (ಗುಡ್ಡದ ಸಣ್ಣ ತೊರೆ) ನೀರು ಚಹಾ ಬಣ್ಣ, ಇನ್‌ಫ್ರಾರೆಡ್‌ಗೆ ಆ ಬಣ್ಣ ಹೆಚ್ಚುಕಮ್ಮಿ ಕಾಣೋದೇ ಇಲ್ಲ, ಕಣ ಮಾತ್ರ ಕಾಣುತ್ತೆ.

ಕಟ್ಟೋದು: ಔಷಧಿಯ ಸಣ್ಣ ಗಾಜಿನ ಬಾಟ್ಲಿ ಸರಿಯಾಗಿ ಕೂರೋ ಹಾಗೆ ಕಪ್ಪು ಪಿವಿಸಿ ತುಂಡು ತಗೊಳ್ಳಿ, ಬಿಳಿ ಪೈಪ್ ಆದ್ರೆ ಒಳಗೆ ಮ್ಯಾಟ್ ಕಪ್ಪು ಬಣ್ಣ ಹೊಡೀರಿ. ಒಂದು ಕಡೆ 850 ಅಥವಾ 860ರ ಎಲ್‌ಇಡಿ, ಅದಕ್ಕೆ ಸರಿಯಾಗಿ 90 ಡಿಗ್ರಿಯಲ್ಲಿ ಬಿಪಿಡಬ್ಲ್ಯೂ34 ಫೋಟೋಡಯೋಡ್ (ಬೆಳಕು ಹಿಡಿಯೋ ಡಿಟೆಕ್ಟರ್), ಅದರ ಹಿಂದೆ ಆಪ್‌ಆ್ಯಂಪ್ (ಸಿಗ್ನಲ್ ದೊಡ್ಡದು ಮಾಡೋ ಚಿಪ್) ಮತ್ತು 1 ಮೆಗಾಓಮ್ ರೆಸಿಸ್ಟರ್. ವೋಲ್ಟೇಜನ್ನ ನಂಬರ್ ಮಾಡೋ ಇಎಸ್‌ಪಿ32ರ ಒಳಗಿನ ಎಡಿಸಿ ಸೊಟ್ಟ ಇದೆ, ಅದರ ಬದಲು ಎಡಿಎಸ್1115 ಬೋರ್ಡ್ ಹಾಕಿ. ಪ್ರೋಗ್ರಾಂನಲ್ಲಿ ಎಲ್‌ಇಡಿ ಆನ್ ಇದ್ದಾಗ ಒಂದು ಸಲ, ಆಫ್ ಇದ್ದಾಗ ಒಂದು ಸಲ ಓದಿ ಕಳೆಯಿರಿ, ಬಿಸಿಲು ಒಳಗೆ ಸೋರಿದ್ರೂ ಅದು ಕಳೆದುಹೋಗುತ್ತೆ. ಆದ್ರೂ ಮೇಲೆ ಮುಚ್ಚಳ ಇರ್ಲಿ.

ಕ್ಯಾಲಿಬ್ರೇಷನ್‌ಗೆ ಫಾರ್ಮಜಿನ್ ಅನ್ನೋ ದ್ರಾವಣ ಬೇಕು, 4000 ಎನ್‌ಟಿಯು (ಕದಡು ಅಳೆಯೋ ಮಾನ) ರೆಡಿ ಬಾಟ್ಲಿ ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತೆ. ಮನೆಯಲ್ಲಿ ಮಾಡೋಕೆ ಹೋಗ್ಬೇಡಿ, ಅದಕ್ಕೆ ಬಳಸೋ ಹೈಡ್ರಜೀನ್ ಸಲ್ಫೇಟ್ ವಿಷ. 1 ಮಿಲಿ ತಗೊಂಡು ಒಟ್ಟು 100 ಮಿಲಿ ಮಾಡಿದ್ರೆ 40 ಎನ್‌ಟಿಯು, 2.5 ಮಿಲಿ ಆದ್ರೆ 100. ಸೊನ್ನೆಗೆ ಆರ್‌ಓ ನೀರು ಸಾಕು. ನಾಲ್ಕೈದು ಬಿಂದು ಗುರುತು ಮಾಡಿ ಗೆರೆ ಎಳೆಯಿರಿ. 40ರ ತನಕ ಗೆರೆ ನೇರ, ಆಮೇಲೆ ಬಾಗ್ತಾ ಬರುತ್ತೆ, ತುಂಬಾ ಕದಡಿದ ನೀರಲ್ಲಿ ತಿರುಗಿ ಇಳಿಯೋದೂ ಉಂಟು, ಯಾಕಂದ್ರೆ ಚೆದುರಿದ ಬೆಳಕು ಹೊರಗೆ ಬರೋ ಮೊದಲೇ ಮತ್ತೆ ಚೆದುರಿ ಕಳೆದುಹೋಗುತ್ತೆ. ಹಾಗಾಗಿ ಪಲ್ಪರ್ ನೀರನ್ನ ಹಾಗೇ ಹಾಕ್ಬೇಡಿ, ಒಂದಕ್ಕೆ ಒಂಬತ್ತು ಪಾಲು ಒಳ್ಳೆ ನೀರು ಸೇರಿಸಿ ಅಳೆದು ಹತ್ತರಿಂದ ಗುಣಿಸಿ.

ಓದೋ ಮೊದಲು ಬಾಟ್ಲಿ ಹೊರಮೈ ಬಟ್ಟೆಯಲ್ಲಿ ಒರೆಸಿ. ಬೆಳಿಗ್ಗೆ ಹೊಳೆ ನೀರು ತಣ್ಣಗಿರುತ್ತೆ, ಗಾಜಿನ ಮೇಲೆ ಒಂದೇ ನಿಮಿಷಕ್ಕೆ ಮಂಜು ಬರುತ್ತೆ, ಆ ಮಂಜೇ 10 ಎನ್‌ಟಿಯು ಸೇರಿಸಿಬಿಡುತ್ತೆ. ಗುಳ್ಳೆಯೂ ಕಣದ ಥರನೇ ಕಾಣುತ್ತೆ, ಎರಡು ನಿಮಿಷ ಬಿಟ್ಟು ಮೆಲ್ಲಗೆ ತಟ್ಟಿ. ಬಾಟ್ಲಿಯ ಕುತ್ತಿಗೆಗೆ ಒಂದು ಗುರುತು ಹಾಕಿ ಪ್ರತಿ ಸಲ ಅದೇ ಕಡೆ ತಿರುಗಿಸಿ ಕೂರಿಸಿ, ಗೀರು ಇದ್ರೂ ಲೆಕ್ಕ ಒಂದೇ ಥರ ಇರುತ್ತೆ.

ಕುಡಿಯೋ ನೀರಿಗೆ ಭಾರತದ ಮಾನಕ ಐಎಸ್ 10500 ಪ್ರಕಾರ 1 ಎನ್‌ಟಿಯು ಒಳಗೆ ಇರ್ಬೇಕು, ಬೇರೆ ಮೂಲ ಇಲ್ಲದಿದ್ರೆ 5ರ ತನಕ ಒಪ್ಪಬಹುದು. ಕದಡು ಕಮ್ಮಿ ಇದೆ ಅಂದ್ರೆ ನೀರು ಶುದ್ಧ ಅಂತಲ್ಲ, ರೋಗಾಣು ಈ ಕಿರಣಕ್ಕೆ ಕಾಣಲ್ಲ, ಕುದಿಸೋದು ಕುದಿಸ್ಲೇಬೇಕು. ಅದೇ ಥರ ಡಿಸೆಂಬರ್‌ನಿಂದ ಫೆಬ್ರವರಿ ತನಕ ಪಲ್ಪರ್ ನಡೆಯೋವಾಗ ತೋಡಿಗೆ ನೀರು ಬಿಟ್ರೆ ಮೀನು ಸಾಯೋದು ಕದಡಿನಿಂದ ಅಲ್ಲ, ಅದರಲ್ಲಿ ಕರಗಿರೋ ಸಕ್ಕರೆ ಹುದುಗಿ ಆಕ್ಸಿಜನ್ ಎಳ್ಕೊಳ್ಳೋದ್ರಿಂದ. ಟ್ಯಾಂಕಲ್ಲಿ ಕೆಸರು ಇಳೀತಾ ಅಂತ ನೋಡೋಕೆ ಮಾತ್ರ ಈ ಮೀಟರ್ ಬಳಸಿ, ಬಿಡಬಹುದಾ ಅಂತ ತೀರ್ಮಾನಿಸೋಕೆ ಲ್ಯಾಬಿಗೆ ಸ್ಯಾಂಪಲ್ ಕೊಡಿ.

ನನಗೆ ಈ ಮೀಟರ್ ತುಂಬಾ ಬೇಕು ಅನ್ಸೋದು ಮಳೆಗಾಲದಲ್ಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದದ್ದನ್ನ ನೋಡಿದೋರು ಯಾರೂ ಮರೆಯಲ್ಲ. ಮನೆ ಮೇಲಿನ ಕೊಲ್ಲಿಯ ನೀರನ್ನ ಜೂನ್‌ನಿಂದ ದಿನಾ ಬೆಳಿಗ್ಗೆ ಒಂದೇ ಕಲ್ಲಿನ ಹತ್ರ ಹಿಡಿದು ಅಳೆದು ಬರೆದಿಟ್ರೆ, ನಿಮ್ಮ ಕೊಲ್ಲಿಗೆ ಜೋರು ಮಳೆಗೆ ಎಷ್ಟು ಏರೋದು ಮಾಮೂಲಿ ಅಂತ ಎರಡು ವಾರದಲ್ಲಿ ಗೊತ್ತಾಗುತ್ತೆ. ಮಳೆ ಹಾಗೇ ಇದ್ದು ನೀರು ಇದ್ದಕ್ಕಿದ್ದಂತೆ ರಾಡಿಯಾದ್ರೆ, ಅಥವಾ ಹರಿವೇ ಕಮ್ಮಿ ಆಗಿ ಕೆಸರು ಬಂದ್ರೆ, ಮೇಲೆ ಮಣ್ಣು ಜಾರ್ತಿರೋ ಲಕ್ಷಣ ಅಂತ ಭೂಕುಸಿತದ ಎಚ್ಚರಿಕೆಗಳಲ್ಲಿ ಹೇಳ್ತಾರೆ. ಆವಾಗ ಎರಡನೇ ಸಲ ಅಳೀತಾ ಕೂರ್ಬೇಡಿ, ಮೊದಲು ಮನೆಯವರನ್ನ ಕರ್ಕೊಂಡು ಹೊರಡಿ. ಮೀಟರ್ ಸುಮ್ನಿದೆ ಅಂತ ಅಧಿಕಾರಿಗಳು ಹೊರಡಿ ಅಂದಾಗ ಕೂರೋದೂ ಬೇಡ.

ಜೇನು, ವೈನ್ ಅಳೆಯೋಕಾಗುತ್ತಾ ಅಂತ ಕೇಳೋರಿಗೆ: ಈ ಅಗ್ಗದ ಸಾಮಾನಲ್ಲಿ ಬೇಡ. ಜೇನಿನ ನೀರಿನಂಶಕ್ಕೆ ಕೈ ರಿಫ್ರಾಕ್ಟೋಮೀಟರ್ ಅಗ್ಗ ಮತ್ತು ನಿಖರ, ವೈನ್‌ಗೆ ಹೈಡ್ರೋಮೀಟರ್ ಸಾಕು. ಕಾಫಿ ಬೀಜದ ತೇವಕ್ಕೆ ನೀರು ಚೆನ್ನಾಗಿ ಹೀರೋ 1450 ಅಥವಾ 1940 ನ್ಯಾನೋಮೀಟರ್ ಬೇಕು, ಅಲ್ಲಿ ಸಿಲಿಕಾನ್ ಡಿಟೆಕ್ಟರ್ ಕುರುಡು, ಬೇರೆ ಡಿಟೆಕ್ಟರ್ ದುಬಾರಿ.

ಹೆಜ್ಜೆ 7: ಬರೆದಿಡೋದು, ಎತ್ತಿಡೋದು

ಪ್ರತಿ ಅಳತೆ ಜೊತೆ ತಾರೀಖು, ಹೊತ್ತು, ಒತ್ತಡ, ಉಷ್ಣಾಂಶ, ತೇವ ಬರೀರಿ, ಬರೀ ಪಿಪಿಎಂ ಬರೆದ್ರೆ ಆರು ತಿಂಗಳಾದ ಮೇಲೆ ಆ ನಂಬರ್‌ಗೆ ಅರ್ಥ ಇರಲ್ಲ. ನನ್ನ ಮೊದಲ ವಾರದ 370ಗಳನ್ನ ನಾನು ಆಮೇಲೆ ಸರಿಮಾಡೋಕಾದದ್ದು ಪಕ್ಕದಲ್ಲಿ ಜಾಗದ ಹೆಸರು ಬರೆದಿದ್ದಕ್ಕೆ ಮಾತ್ರ. ಕ್ಯಾನಿನ ಪರೀಕ್ಷೆ ಮೂರು ತಿಂಗಳಿಗೊಮ್ಮೆ ಮಾಡಿ, ಮಳೆಗಾಲ ಶುರುವಾಗೋ ಮೊದಲು ಮತ್ತು ಮುಗಿದ ಮೇಲೆ ತಪ್ಪಿಸ್ಬೇಡಿ, 1425 ಬರೋ ಕಡೆ 50ಕ್ಕಿಂತ ಹೆಚ್ಚು ವ್ಯತ್ಯಾಸ ಬಂದ್ರೆ ಮತ್ತೆ ಬಾಣೆಗೆ ಹೋಗಿ ಹೊರಗಿನ ಗಾಳಿಗೆ ಕೂರಿಸಿ.

ಸೆಲ್ ಪೂರ್ತಿ ಚಾರ್ಜ್ ಮಾಡಿ ತಿಂಗಳುಗಟ್ಟಲೆ ಬಿಡ್ಬೇಡಿ, ಅರ್ಧ ಚಾರ್ಜಲ್ಲಿ ತೆಗೆದಿಡಿ. ಬಳಸದೇ ಇರೋವಾಗ ಡಬ್ಬಿನ ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಒಣಗಿದ ಸಿಲಿಕಾ ಜೆಲ್ ಜೊತೆ ಹಾಕಿ, ಮುಚ್ಚಳದ ಸುತ್ತ ಟೇಪ್ ಸುತ್ತಿ, ಮೇಲೆ ಕೊನೆಯ ಕ್ಯಾಲಿಬ್ರೇಷನ್ ಆದ ತಾರೀಖು ಬರೆದ ಚೀಟಿ ಅಂಟಿಸಿಡಿ.